ವಿಂಡೋಸ್‌ನಲ್ಲಿ ಪೈಥಾನ್ ಮಲ್ಟಿಪ್ರೊಸೆಸಿಂಗ್ ಕೈಕೊಟ್ಟಾಗ: ಮೇನ್ ಫೈಲ್ ಸರಿಮಾಡುವ ಪೂರ್ತಿ ಕ್ರಮ

"ಲ್ಯಾಬ್‌ನ್ಯಾಗ ಛಲೋ ನಡೀತ್ರಿ ಸರ್, ಮನ್ಯಾಗ ಹಚ್ಚಿದ್ರ ಲ್ಯಾಪ್‌ಟಾಪ್ ಹ್ಯಾಂಗ್ ಆಗ್ತೈತ್ರಿ."

ಪ್ರಾಜೆಕ್ಟ್ ಸಲ್ಲಿಸುವ ದಿನ ಹತ್ತಿರ ಬಂದಾಗಲೆಲ್ಲ ಈ ಮಾತು ಕೇಳುತ್ತೇನೆ. ನಾನಿರುವುದು ಬಾಗಲಕೋಟೆಯ ನವನಗರದಲ್ಲಿ. ಭಾನುವಾರ ಮನೆಯಲ್ಲೇ ಒಂದಷ್ಟು ಹುಡುಗ ಹುಡುಗಿಯರಿಗೆ ಪೈಥಾನ್ ಹೇಳಿಕೊಡುತ್ತೇನೆ. ಫೋನ್ ಮುಧೋಳದಿಂದ ಬರುತ್ತದೆ, ವಿಜಯಪುರದಿಂದ ಬರುತ್ತದೆ, ಬೆಳಗಾವಿಯ ಹಾಸ್ಟೆಲ್‌ಗಳಿಂದ ಬರುತ್ತದೆ. ಊರು ಬೇರೆ, ಪ್ರಾಜೆಕ್ಟ್ ಬೇರೆ, ತಪ್ಪು ಮಾತ್ರ ಒಂದೇ. ಕಾಲೇಜಿನ ಲ್ಯಾಬ್‌ನಲ್ಲಿ ಉಬುಂಟು, ಮನೆಯಲ್ಲಿ ವಿಂಡೋಸ್. ಅಲ್ಲಿ ಸಲೀಸಾಗಿ ಓಡಿದ ಪ್ರೋಗ್ರಾಮ್ ಇಲ್ಲಿ ಪರದೆ ತುಂಬ ಎರರ್ ಸುರಿಯುತ್ತದೆ.

ಮಲ್ಟಿಪ್ರೊಸೆಸಿಂಗ್ ಅಂದರೆ ಕೆಲಸವನ್ನು ಒಟ್ಟಿಗೇ ಓಡುವ ಹಲವು ಪ್ರೋಸೆಸ್‌ಗೆ ಹಂಚುವುದು. ನೀವು ಶುರು ಮಾಡಿದ ಮೂಲ ಪ್ರೋಸೆಸ್ ಪೇರೆಂಟ್, ಅದು ಹುಟ್ಟಿಸುವವು ಚೈಲ್ಡ್. ಚೈಲ್ಡನ್ನು ಹೊಸ ಖಾಲಿ ಪೈಥಾನ್ ಆಗಿ ಶುರು ಮಾಡುವುದೇ ಸ್ಪಾನ್ ವಿಧಾನ. ತಪ್ಪಿನ ಬೇರನ್ನು ಒಂದೇ ಸಾಲಿನಲ್ಲಿ ಹೇಳಬಹುದು. ಸ್ಪಾನ್ ವಿಧಾನದಲ್ಲಿ ಹುಟ್ಟುವ ಪ್ರತಿ ಚೈಲ್ಡ್ ಪ್ರೋಸೆಸ್ ನಿಮ್ಮ ಮೇನ್ ಫೈಲನ್ನು ಮೊದಲ ಸಾಲಿನಿಂದ ಮತ್ತೆ ಓಡಿಸುತ್ತದೆ. ಹಾಗಾಗಿ ಆ ಫೈಲು ಎಷ್ಟು ಸಲ ಓಡಿದರೂ ಏನೂ ಕೆಡದ ಹಾಗೆ ಇರಬೇಕು. ಕೆಳಗಿನ ಹಂತಗಳೆಲ್ಲ ಇದನ್ನು ಸಾಧಿಸುವುದಕ್ಕೆ. ಕ್ರಮ ತಪ್ಪಿಸಬೇಡಿ. ಜಾಸ್ತಿ ಜನ ನೇರವಾಗಿ ಏಳನೇ ಹಂತಕ್ಕೆ ಹಾರಿ ಸಿಕ್ಕಿಹಾಕಿಕೊಳ್ಳುತ್ತಾರೆ.

ಕೋಡ್ ಸಾಲುಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ನೀವು ಟೈಪ್ ಮಾಡುವಾಗ ಎಂದಿನಂತೆ ಇಂಗ್ಲಿಷ್ ಅಕ್ಷರ ಬಳಸಿ.

## ಕೈಯಲ್ಲಿ ಏನೇನು ಇರಬೇಕು

ಪೈಥಾನ್ 3, ಯಾವುದಾದರೂ ಎಡಿಟರ್, ಕಮಾಂಡ್ ಪ್ರಾಂಪ್ಟ್, ಟಾಸ್ಕ್ ಮ್ಯಾನೇಜರ್. ಜೊತೆಗೆ ನಿಮ್ಮ ಪ್ರಾಜೆಕ್ಟ್ ಫೋಲ್ಡರಿನ ಒಂದು ಪೂರ್ತಿ ಕಾಪಿ. ಕಾಪಿ ಯಾಕೆ ಬೇಕು ಅನ್ನುವುದು ಐದನೇ ಹಂತದಲ್ಲಿ ಗೊತ್ತಾಗುತ್ತದೆ. ಈಗಲೇ ಮಾಡಿಟ್ಟುಕೊಳ್ಳಿ.

ಈ ಕೆಲಸ ಮುಗಿಯುವ ತನಕ ಜುಪಿಟರ್ ಮತ್ತು ಐಡಲ್ ಎರಡನ್ನೂ ಮುಚ್ಚಿಡಿ. ಐಡಲ್‌ನಲ್ಲಿ ಚೈಲ್ಡ್ ಪ್ರೋಸೆಸ್ ಪ್ರಿಂಟ್ ಮಾಡಿದ್ದು ಸಾಮಾನ್ಯವಾಗಿ ಕಾಣಿಸುವುದೇ ಇಲ್ಲ. ಕಾಣದಿದ್ದರೆ ಎಲ್ಲಿ ಕೆಟ್ಟಿತು ಅಂತ ಹುಡುಕುವುದು ಹೇಗೆ? ಎಲ್ಲವನ್ನೂ ಕಮಾಂಡ್ ಪ್ರಾಂಪ್ಟ್‌ನಿಂದ ಓಡಿಸಿ.

ಉದಾಹರಣೆಗೆ ನಮ್ಮ ಭಾಗದ್ದೇ ಒಂದು ಕೆಲಸ ಇಟ್ಟುಕೊಳ್ಳೋಣ. ಕಬ್ಬಿನ ಹಂಗಾಮಿನಲ್ಲಿ ಕಾರ್ಖಾನೆಯ ಕಾಟಾದ ಮೇಲೆ ತೂಗಿದ ಪ್ರತಿ ಟ್ರ್ಯಾಕ್ಟರಿಗೆ ಒಂದು ಸಾಲು, ದಿನಕ್ಕೊಂದು ಸಿಎಸ್‌ವಿ ಫೈಲ್, ಒಟ್ಟು 120 ಫೈಲ್. ತುಂಬಿದ ತೂಕದಲ್ಲಿ ಖಾಲಿ ತೂಕ ಕಳೆದು ದಿನದ ಒಟ್ಟು ಟನ್ ಎಷ್ಟು ಅಂತ ತೆಗೆಯಬೇಕು. ಇದನ್ನು ನಾಲ್ಕು ಪ್ರೋಸೆಸ್‌ಗೆ ಹಂಚಬೇಕು.

## ಹಂತ 1: ಓಡುತ್ತಿರುವುದನ್ನು ಮೊದಲು ನಿಲ್ಲಿಸಿ

ಎರರ್ ಸುರಿಯುತ್ತಿರುವಾಗ ಕೋಡ್ ತಿದ್ದಲು ಕೂರಬೇಡಿ. ಕಂಟ್ರೋಲ್ ಮತ್ತು ಸಿ ಒತ್ತಿ. ನಿಲ್ಲದಿದ್ದರೆ ಟಾಸ್ಕ್ ಮ್ಯಾನೇಜರ್ ತೆರೆದು, ಡೀಟೇಲ್ಸ್ ಪುಟದಲ್ಲಿ ಪೈಥಾನ್ ಹೆಸರಿನ ಪ್ರೋಸೆಸ್‌ಗಳನ್ನು ನೋಡಿ.

ಅಲ್ಲಿ ಕಾಲಂ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ 'ಕಮಾಂಡ್ ಲೈನ್' ಕಾಲಂ ಸೇರಿಸಿಕೊಳ್ಳಿ. ಚೈಲ್ಡ್ ಪ್ರೋಸೆಸ್‌ಗಳ ಸಾಲಿನಲ್ಲಿ 'ಸ್ಪಾನ್_ಮೇನ್' ಅಂತಲೂ, ಕೊನೆಗೆ '--ಮಲ್ಟಿಪ್ರೊಸೆಸಿಂಗ್-ಫೋರ್ಕ್' ಅಂತಲೂ ಇರುತ್ತದೆ. ಫೋರ್ಕ್ ಅನ್ನುವ ಪದ ನೋಡಿ ಗಲಿಬಿಲಿ ಆಗಬೇಡಿ, ಅದು ಆ ಗುರುತಿನ ಹೆಸರು ಮಾತ್ರ. ನಡೆಯುತ್ತಿರುವುದು ಸ್ಪಾನ್ ವಿಧಾನವೇ. ಈ ಗುರುತು ಇಲ್ಲದೆ ನಿಮ್ಮ ಫೈಲಿನ ಹೆಸರೇ ಕಾಣುವ ಸಾಲು ಪೇರೆಂಟ್. ಮೊದಲು ಪೇರೆಂಟನ್ನು ಮುಗಿಸಿ. ಚೈಲ್ಡ್‌ಗಳನ್ನು ಮೊದಲು ಕೊಂದರೆ, ಪೂಲ್ (ವರ್ಕರ್ ಎಂದು ಕರೆಯುವ ಚೈಲ್ಡ್‌ಗಳ ಗುಂಪನ್ನು ನಡೆಸುವುದು) ಇನ್ನೂ ಬದುಕಿರುವುದರಿಂದ, ಅವುಗಳ ಜಾಗಕ್ಕೆ ಹೊಸವನ್ನು ಹುಟ್ಟಿಸುತ್ತಲೇ ಇರುತ್ತದೆ.

## ಹಂತ 2: ನಿಮ್ಮ ಯಂತ್ರದಲ್ಲಿ ಯಾವ ವಿಧಾನ ನಡೆಯುತ್ತಿದೆ ನೋಡಿ

ಬೇರೆ ಒಂದು ಕಮಾಂಡ್ ಪ್ರಾಂಪ್ಟ್ ತೆರೆದು, ಪೈಥಾನ್ ಶುರು ಮಾಡಿ, ಮಲ್ಟಿಪ್ರೊಸೆಸಿಂಗ್ ಇಂಪೋರ್ಟ್ ಮಾಡಿ 'ಗೆಟ್_ಸ್ಟಾರ್ಟ್_ಮೆಥಡ್()' ಕೇಳಿ. ಉತ್ತರ ಮೂರರಲ್ಲಿ ಒಂದು: ಫೋರ್ಕ್ (ಪೇರೆಂಟಿನ ಪಡಿಯಚ್ಚಾಗಿ ಚೈಲ್ಡ್ ಹುಟ್ಟುತ್ತದೆ), ಸ್ಪಾನ್, ಫೋರ್ಕ್‌ಸರ್ವರ್ (ಬೇರೊಂದು ಸರ್ವರ್ ಪ್ರೋಸೆಸ್‌ನ ಪಡಿಯಚ್ಚಾಗಿ ಹುಟ್ಟುತ್ತದೆ).

ವಿಂಡೋಸ್‌ನಲ್ಲಿ ಸ್ಪಾನ್ ಒಂದೇ ಇದೆ, ಬೇರೆ ದಾರಿ ಇಲ್ಲ. ಮ್ಯಾಕ್‌ನಲ್ಲಿ ಪೈಥಾನ್ 3.8ರಿಂದ ಸ್ಪಾನ್ ಡೀಫಾಲ್ಟ್. ಲಿನಕ್ಸ್‌ನಲ್ಲಿ 3.13ರವರೆಗೆ ಫೋರ್ಕ್ ಇತ್ತು. ಉಬುಂಟು 22.04ರ ಜೊತೆ ಬರುವುದು ಪೈಥಾನ್ 3.10, ಉಬುಂಟು 24.04ರ ಜೊತೆ 3.12. ಅಂಥ ಲ್ಯಾಬ್‌ಗಳಲ್ಲಿ ನಡೆಯುವುದು ಫೋರ್ಕ್, ಅದಕ್ಕೇ ಅಲ್ಲಿ ತಪ್ಪು ಕಾಣುವುದಿಲ್ಲ. ಆದರೆ 2025ರಲ್ಲಿ ಬಂದ 3.14ರಿಂದ ಲಿನಕ್ಸ್‌ನ ಡೀಫಾಲ್ಟ್ ಫೋರ್ಕ್‌ಸರ್ವರ್ ಆಗಿದೆ. ಅದರಲ್ಲೂ ಚೈಲ್ಡ್‌ಗೆ ಮೇನ್ ಫೈಲ್ ಮತ್ತೆ ಇಂಪೋರ್ಟ್ ಆಗಬೇಕು. ಅಂದರೆ ಲ್ಯಾಬ್‌ನಲ್ಲಿ ಹೊಸ ಪೈಥಾನ್ ಹಾಕಿದ ದಿನ ಹಳೇ ಪ್ರೋಗ್ರಾಮ್ ಅಲ್ಲೂ ನಿಲ್ಲಬಹುದು. 'ನಾನು ಲಿನಕ್ಸ್ ಬಳಸುತ್ತೇನೆ, ನನಗೆ ಇದು ಬೇಡ' ಅನ್ನುವವರು ಇದನ್ನು ಗಮನಿಸಿ.

ಒಂದು ಎಚ್ಚರಿಕೆ. ಈ ಪ್ರಶ್ನೆಯನ್ನು ನಿಮ್ಮ ಪ್ರೋಗ್ರಾಮಿನ ಒಳಗೇ ಬರೆದು ಬಿಡಬೇಡಿ. 'ಗೆಟ್_ಸ್ಟಾರ್ಟ್_ಮೆಥಡ್' ಕೇಳಿದ ಕೂಡಲೇ ಡೀಫಾಲ್ಟ್ ವಿಧಾನ ಗಟ್ಟಿಯಾಗಿಬಿಡುತ್ತದೆ. ಆಮೇಲೆ ಬದಲಿಸಲು ಹೋದರೆ 'ಕಾಂಟೆಕ್ಸ್ಟ್ ಹ್ಯಾಸ್ ಆಲ್ರೆಡಿ ಬೀನ್ ಸೆಟ್' ಅಂತ ಎರರ್ ಬರುತ್ತದೆ.

## ಹಂತ 3: ಏನಾಗುತ್ತಿದೆ ಅಂತ ಕಣ್ಣಾರೆ ನೋಡಿ

ಈ ಹಂತ ಬಿಟ್ಟರೆ ಮುಂದಿನದೆಲ್ಲ ಬಾಯಿಪಾಠ ಆಗುತ್ತದೆ. ಐದು ನಿಮಿಷ ಕೊಡಿ.

ನಿಮ್ಮ ಫೈಲಿನ ಮೊಟ್ಟಮೊದಲಿಗೆ ಈ ಎರಡು ಸಾಲು ಹಾಕಿ:

```
ಇಂಪೋರ್ಟ್ ಓಎಸ್
ಪ್ರಿಂಟ್(__ನೇಮ್__, ಓಎಸ್.ಗೆಟ್‌ಪಿಐಡಿ())
```

ಈಗ ಓಡಿಸಿ. ಮೊದಲ ಸಾಲಿನಲ್ಲಿ '__ಮೇನ್__' ಅಂತ ಬರುತ್ತದೆ, ಪಕ್ಕದಲ್ಲಿ ಪೇರೆಂಟಿನ ನಂಬರ್. ಅದರ ಹಿಂದೆಯೇ '__ಎಂಪಿ_ಮೇನ್__' ಅಂತ ಸಾಲುಗಳು ಬರುತ್ತವೆ, ಪ್ರತಿಯೊಂದಕ್ಕೂ ಬೇರೆ ನಂಬರ್. ನಿಮ್ಮ ಫೈಲು ಮತ್ತೆ ಮತ್ತೆ ಓಡಿದ್ದು ಎದುರಿಗೇ ಕಾಣುತ್ತದೆ. ಎರಡನೇ ಬಾರಿ ಅದರ ಹೆಸರು ಬದಲಾಗಿದ್ದನ್ನೂ ನೋಡಿ. ಇಡೀ ಪರಿಹಾರ ನಿಂತಿರುವುದು ಈ ಹೆಸರಿನ ಮೇಲೆ.

ಒಳಗೆ ನಡೆಯುವುದು ಹೀಗೆ. ಪೇರೆಂಟ್ ಹೊಸದೊಂದು ಪೈಥಾನ್ ಶುರು ಮಾಡುತ್ತದೆ. ಅದು ಖಾಲಿ, ಅದಕ್ಕೆ ನಿಮ್ಮ ವೇರಿಯಬಲ್ ಗೊತ್ತಿಲ್ಲ, ಫಂಕ್ಷನ್ ಗೊತ್ತಿಲ್ಲ. ಪೇರೆಂಟ್ ಒಂದು ಪೈಪ್ ಮೂಲಕ ಅದಕ್ಕೆ ಎರಡು ಗಂಟು ಕಳಿಸುತ್ತದೆ. ಮೊದಲನೆಯದರಲ್ಲಿ ತಯಾರಿಯ ವಿವರ ಇರುತ್ತದೆ: ಮಾಡ್ಯೂಲ್ ಹುಡುಕುವ ದಾರಿಗಳು, ಕಮಾಂಡಿನ ಆರ್ಗ್ಯುಮೆಂಟ್‌ಗಳು, ಯಾವ ಫೋಲ್ಡರಿನಲ್ಲಿದ್ದೇವೆ, ಮತ್ತು ಮುಖ್ಯವಾಗಿ ಮೇನ್ ಫೈಲ್ ಎಲ್ಲಿದೆ. ಎರಡನೆಯದರಲ್ಲಿ ಮಾಡಬೇಕಾದ ಕೆಲಸ.

ಚೈಲ್ಡ್ ಮೊದಲ ಗಂಟು ಬಿಚ್ಚಿದ ಕೂಡಲೇ ನಿಮ್ಮ ಫೈಲನ್ನು '__ಎಂಪಿ_ಮೇನ್__' ಎಂಬ ಹೆಸರಿನಲ್ಲಿ ಮೇಲಿಂದ ಕೆಳಗೆ ಓಡಿಸುತ್ತದೆ. ಅದು ಮುಗಿದ ಮೇಲೆ ಬಂದ ಮಾಡ್ಯೂಲನ್ನು '__ಮೇನ್__' ಎಂಬ ಹೆಸರಿನಲ್ಲೂ ದಾಖಲು ಮಾಡಿಕೊಳ್ಳುತ್ತದೆ. ಯಾಕೆ ಎರಡು ಹೆಸರು? ಎರಡನೇ ಗಂಟಿನಲ್ಲಿ ಫಂಕ್ಷನ್ನಿನ ಕೋಡ್ ಇರುವುದಿಲ್ಲ. 'ಮೇನ್ ಮಾಡ್ಯೂಲಿನಲ್ಲಿ ದಿನದ_ಲೆಕ್ಕ ಅಂತ ಒಂದಿದೆ, ಅದನ್ನು ಕರೆ' ಅಂತ ಹೆಸರು ಮಾತ್ರ ಇರುತ್ತದೆ. ಪಿಕಲ್ (ಪೈಥಾನ್ ವಸ್ತುಗಳನ್ನು ಗಂಟು ಕಟ್ಟಿ ಸಾಗಿಸುವ ಮಾಡ್ಯೂಲ್) ಫಂಕ್ಷನ್ ಸಾಗಿಸುವುದೇ ಹೀಗೆ. ಆ ಹೆಸರು ಹುಡುಕಿದಾಗ ಸಿಗಬೇಕಾದರೆ ಫೈಲು ಅಷ್ಟರಲ್ಲಿ ಲೋಡ್ ಆಗಿರಬೇಕು. ಸುಮ್ನೆ ಮತ್ತೆ ಓಡಿಸುವುದಲ್ಲ ಅದು, ಓಡಿಸದಿದ್ದರೆ ಕೆಲಸವೇ ಸಾಗುವುದಿಲ್ಲ.

ನನ್ನ ಮಕ್ಕಳಿಗೆ ನಾನು ಖಾನಾವಳಿಯ ಲೆಕ್ಕದಲ್ಲಿ ಹೇಳುತ್ತೇನೆ. ಮಧ್ಯಾಹ್ನ ಗದ್ದಲ ಜಾಸ್ತಿ ಆಯಿತು, ರೊಟ್ಟಿ ಬಡಿಯಲು ಹೊಸಬಳೊಬ್ಬಳನ್ನು ಕರೆದಿರಿ. ಫೋರ್ಕ್ ಅಂದರೆ ಇಷ್ಟು ಹೊತ್ತೂ ಅಲ್ಲೇ ಇದ್ದವಳಂತೆ, ಹಿಟ್ಟು ಎಲ್ಲಿದೆ, ಎಷ್ಟು ರೊಟ್ಟಿ ಆಗಿವೆ, ಎಲ್ಲ ಅವಳ ತಲೆಯಲ್ಲಿದೆ. ಸ್ಪಾನ್ ಅಂದರೆ ಊರಿಗೇ ಹೊಸಬಳು. ಗೋಡೆಗೆ ಅಂಟಿಸಿದ ಚೀಟಿಯನ್ನು ಮೊದಲಿನಿಂದ ಓದಿ, ಬರೆದದ್ದನ್ನೆಲ್ಲ ಮಾಡುತ್ತಾಳೆ. ಚೀಟಿಯಲ್ಲಿ 'ರೊಟ್ಟಿ ಬಡಿಯುವುದು ಹೇಗೆ' ಅಂತ ಇದ್ದರೆ ಕಲಿಯುತ್ತಾಳೆ. 'ನಾಲ್ಕು ಜನರನ್ನು ಕರೆದುಕೊಂಡು ಬಾ' ಅಂತಲೂ ಇದ್ದರೆ? ಅವಳೂ ಕರೆಯಲು ಹೊರಡುತ್ತಾಳೆ.

ಆ ಕೊನೆಯ ಸಾಲೇ ನಿಮ್ಮ ಎರರ್. ಚೈಲ್ಡ್ ಇನ್ನೂ ತಯಾರಾಗುತ್ತಿರುವಾಗಲೇ ಮತ್ತೊಂದು ಪ್ರೋಸೆಸ್ ಹುಟ್ಟಿಸಲು ಹೋದರೆ ಪೈಥಾನ್ ತಡೆದು ರನ್‌ಟೈಮ್ ಎರರ್ ಕೊಡುತ್ತದೆ. ಅದರಲ್ಲಿ 'ಬೂಟ್‌ಸ್ಟ್ರ್ಯಾಪಿಂಗ್ ಫೇಸ್' ಎಂಬ ಮಾತು ಇರುತ್ತದೆ. ಒಂದೇ 'ಪ್ರೋಸೆಸ್' ಬಳಸಿದ್ದರೆ ಒಂದು ಸಲ ಎರರ್ ಬಂದು ಮುಗಿಯುತ್ತದೆ. 'ಪೂಲ್' ಬಳಸಿದ್ದರೆ ಸತ್ತ ವರ್ಕರ್ ಜಾಗಕ್ಕೆ ಪೂಲ್ ಹೊಸದನ್ನು ಹುಟ್ಟಿಸುತ್ತದೆ, ಅದೂ ಅದೇ ಎರರ್ ಕೊಟ್ಟು ಸಾಯುತ್ತದೆ, ಮತ್ತೊಂದು ಹುಟ್ಟುತ್ತದೆ. ಲ್ಯಾಪ್‌ಟಾಪ್ ಹ್ಯಾಂಗ್ ಆಗುವುದು ಇಲ್ಲೇ.

## ಹಂತ 4: ಫೈಲನ್ನು ಮೂರು ಪಾಲು ಮಾಡಿ

ಈಗ ತಿದ್ದಲು ಶುರು ಮಾಡಿ. ಮೇಲಿನ ಪಾಲಿನಲ್ಲಿ ಇಂಪೋರ್ಟ್‌ಗಳು ಮತ್ತು ಎಂದೂ ಬದಲಾಗದ ಬೆಲೆಗಳು. ನಡುವಿನ ಪಾಲಿನಲ್ಲಿ ಫಂಕ್ಷನ್ ಮತ್ತು ಕ್ಲಾಸ್‌ಗಳು. ಕೊನೆಯ ಪಾಲಿನಲ್ಲಿ ಕೆಲಸ ಶುರು ಮಾಡುವ ಸಾಲು, ಅದೂ ಗಾರ್ಡಿನ ಒಳಗೆ. ಗಾರ್ಡ್ ಅಂದರೆ ಕೆಳಗಿನ ಕೋಡಿನ ಕೊನೆಯಲ್ಲಿರುವ 'ಇಫ್ __ನೇಮ್__' ಸಾಲು.

```
ಇಂಪೋರ್ಟ್ ಸಿಎಸ್‌ವಿ, ಗ್ಲೋಬ್
ಫ್ರಮ್ ಮಲ್ಟಿಪ್ರೊಸೆಸಿಂಗ್ ಇಂಪೋರ್ಟ್ ಪೂಲ್

ಡೆಫ್ ದಿನದ_ಲೆಕ್ಕ(ಫೈಲ್):
    ಒಟ್ಟು = 0
    ವಿತ್ ಓಪನ್(ಫೈಲ್, ಎನ್‌ಕೋಡಿಂಗ್="ಯುಟಿಎಫ್-8") ಆ್ಯಸ್ ಎಫ್:
        ಫಾರ್ ಸಾಲು ಇನ್ ಸಿಎಸ್‌ವಿ.ಡಿಕ್ಟ್‌ರೀಡರ್(ಎಫ್):
            ಒಟ್ಟು += ಫ್ಲೋಟ್(ಸಾಲು["ತುಂಬಿದ"]) - ಫ್ಲೋಟ್(ಸಾಲು["ಖಾಲಿ"])
    ರಿಟರ್ನ್ ಒಟ್ಟು

ಡೆಫ್ ಮೇನ್():
    ಪಟ್ಟಿ = ಸಾರ್ಟೆಡ್(ಗ್ಲೋಬ್.ಗ್ಲೋಬ್("ಕಾಟಾ/*.ಸಿಎಸ್‌ವಿ"))
    ವಿತ್ ಪೂಲ್(4) ಆ್ಯಸ್ ಪಿ:
        ಫಲ = ಪಿ.ಮ್ಯಾಪ್(ದಿನದ_ಲೆಕ್ಕ, ಪಟ್ಟಿ)
    ಪ್ರಿಂಟ್(ಸಮ್(ಫಲ))

ಇಫ್ __ನೇಮ್__ == "__ಮೇನ್__":
    ಮೇನ್()
```

ಕೊನೆಯ ಎರಡು ಸಾಲು ನೋಡಿ. ಪೇರೆಂಟಿನಲ್ಲಿ ಹೆಸರು '__ಮೇನ್__', ಹಾಗಾಗಿ ಒಳಗೆ ಹೋಗುತ್ತದೆ. ಚೈಲ್ಡ್‌ನಲ್ಲಿ ಹೆಸರು '__ಎಂಪಿ_ಮೇನ್__', ಹಾಗಾಗಿ ಒಳಗೆ ಹೋಗುವುದಿಲ್ಲ. ಫಂಕ್ಷನ್‌ಗಳನ್ನು ಕಲಿತುಕೊಂಡು ಕೆಲಸಕ್ಕೆ ಕಾಯುತ್ತದೆ.

ಗಾರ್ಡ್ ಹಾಕಿಯೂ ಎಡವುವವರಿದ್ದಾರೆ. ಜಾಸ್ತಿ ಕಾಣುವ ತಪ್ಪು, ದಿನದ_ಲೆಕ್ಕ ಫಂಕ್ಷನ್ನನ್ನೂ ಗಾರ್ಡಿನ ಒಳಗೆ ತಳ್ಳುವುದು. 'ಎಲ್ಲ ಒಳಗೆ ಹಾಕಿದರೆ ಸೇಫ್ ಅಲ್ವಾ' ಅಂತ ಕೇಳುತ್ತಾರೆ. ಅಲ್ಲ. ಚೈಲ್ಡ್ ಗಾರ್ಡಿನ ಒಳಗೆ ಕಾಲಿಡುವುದೇ ಇಲ್ಲ, ಹಾಗಾಗಿ ಅದಕ್ಕೆ ಆ ಫಂಕ್ಷನ್ ಸಿಗುವುದಿಲ್ಲ. 'ಕಾಂಟ್ ಗೆಟ್ ಆಟ್ರಿಬ್ಯೂಟ್' ಅಂತ ಎರರ್ ಬರುತ್ತದೆ. ಚೈಲ್ಡ್‌ಗೆ ಬೇಕಾದದ್ದು ಹೊರಗೆ, ಪೇರೆಂಟ್ ಮಾತ್ರ ಮಾಡಬೇಕಾದದ್ದು ಒಳಗೆ.

ಇನ್ನೊಂದು: ಪೂಲನ್ನು ಫೈಲಿನ ಮೇಲ್ಭಾಗದಲ್ಲಿ 'ಪಿ = ಪೂಲ್(4)' ಅಂತ ಮಾಡಿಟ್ಟು, 'ಮ್ಯಾಪ್' ಕರೆಯುವುದನ್ನು ಮಾತ್ರ ಗಾರ್ಡಿನಲ್ಲಿ ಇಡುವುದು. ಪ್ರೋಸೆಸ್ ಹುಟ್ಟುವುದು ಪೂಲ್ ಮಾಡಿದ ಸಾಲಿನಲ್ಲೇ. ಅದೇ ಒಳಗಿರಬೇಕು. ಅಂಡರ್‌ಸ್ಕೋರ್ ಎರಡೆರಡು ಇವೆಯೇ ಅಂತಲೂ ಒಮ್ಮೆ ನೋಡಿಕೊಳ್ಳಿ. ಕೋಟ್ ಒಳಗಿನ ಹೆಸರಿನಲ್ಲಿ ಒಂದೇ ಹಾಕಿದರೆ ಪ್ರೋಗ್ರಾಮ್ ಎರರ್ ಕೊಡದೆ, ಏನೂ ಮಾಡದೆ ಮುಗಿಯುತ್ತದೆ.

'ಕಾನ್‌ಕರೆಂಟ್.ಫ್ಯೂಚರ್ಸ್'ನ ಪ್ರೋಸೆಸ್‌ಪೂಲ್‌ಎಕ್ಸಿಕ್ಯೂಟರ್ ಬಳಸಿದರೂ ಇದೇ ನಿಯಮ. ಪೈಟಾರ್ಚ್‌ನ ಡೇಟಾಲೋಡರ್‌ನಲ್ಲಿ 'ನಮ್_ವರ್ಕರ್ಸ್' ಸೊನ್ನೆಗಿಂತ ಜಾಸ್ತಿ ಕೊಟ್ಟರೂ ಇದೇ. ಎಲೆ ರೋಗ ಗುರುತಿಸುವ ಪ್ರಾಜೆಕ್ಟ್ ಮಾಡುವವರು ತಾವು ಮಲ್ಟಿಪ್ರೊಸೆಸಿಂಗ್ ಬಳಸಿಯೇ ಇಲ್ಲ ಅಂದುಕೊಂಡಿರುತ್ತಾರೆ. ಡೇಟಾಲೋಡರ್ ಅವರ ಪರವಾಗಿ ಬಳಸುತ್ತಿರುತ್ತದೆ.

## ಹಂತ 5: ಹೊರಗೆ ಉಳಿದ ಕೆಲಸಗಳನ್ನು ಒಂದೊಂದಾಗಿ ಹೆಕ್ಕಿ

ಗಾರ್ಡ್ ಹಾಕಿದ ಮೇಲೆ ಎರರ್ ಹೋಗುತ್ತದೆ. ಜನ ಇಲ್ಲಿಗೆ ನಿಲ್ಲಿಸಿಬಿಡುತ್ತಾರೆ. ನಿಜವಾದ ನಷ್ಟ ಆಗುವುದು ಇಲ್ಲಿಂದ ಮುಂದೆ.

ಹೋದ ಹಂಗಾಮಿನಲ್ಲಿ ನನ್ನ ಹತ್ತಿರ ಬರುವ ಹುಡುಗನೊಬ್ಬ ಇಂಥದ್ದೇ ಕಾಟಾ ಲೆಕ್ಕ ಮಾಡುತ್ತಿದ್ದ. ಗಾರ್ಡ್ ಸರಿಯಾಗಿಯೇ ಹಾಕಿದ್ದ. ಆದರೆ ಫೈಲಿನ ಏಳನೇ ಸಾಲಿನಲ್ಲಿ, ಯಾವ ಫಂಕ್ಷನ್ನಿನ ಒಳಗೂ ಅಲ್ಲದೆ, ವರದಿ ಫೈಲನ್ನು 'ಡಬ್ಲ್ಯೂ' ಮೋಡ್‌ನಲ್ಲಿ ಓಪನ್ ಮಾಡಿದ್ದ. ಹಿಂದಿನ ವಾರಗಳ ಸಾಲುಗಳನ್ನು ಮೊದಲು ವರದಿಗೆ ಬರೆದು, ಫ್ಲಶ್ ಮಾಡಿ, ಆಮೇಲೆ ಪೂಲ್ ಶುರು ಮಾಡುತ್ತಿದ್ದ. ನಾಲ್ಕು ವರ್ಕರ್ ಹುಟ್ಟಿದವು. ನಾಲ್ಕೂ ಆ ಏಳನೇ ಸಾಲು ಓಡಿಸಿದವು. 'ಡಬ್ಲ್ಯೂ' ಮೋಡ್‌ನಲ್ಲಿ ಓಪನ್ ಮಾಡಿದರೆ ಇದ್ದ ಫೈಲು ಖಾಲಿಯಾಗುತ್ತದೆ. ಬರೆದ ಸಾಲುಗಳೆಲ್ಲ ಹೋದವು. ಪರದೆಯ ಮೇಲೆ ಒಂದೂ ಎರರ್ ಇರಲಿಲ್ಲ. ಅಪ್ಪನ ಬಿಲ್ಲಿಗೆ ಸೇರಿಸಬೇಕಾದ ಲೆಕ್ಕ ಅದು, ಅವನ ಹತ್ತಿರ ಬೇರೆ ಕಾಪಿ ಇರಲಿಲ್ಲ. ಚೀಟಿಗಳನ್ನು ಹುಡುಕಿ ಎರಡು ರಾತ್ರಿ ಕೂತು ಮತ್ತೆ ಟೈಪ್ ಮಾಡಿದೆವು. ಫೋಲ್ಡರಿನ ಕಾಪಿ ಮಾಡಿಕೊಳ್ಳಿ ಅಂತ ಮೊದಲೇ ಹೇಳಿದ್ದು ಇದಕ್ಕೆ.

ಹುಡುಕುವ ವಿಧಾನ ಸುಲಭ. ಫೈಲನ್ನು ಮೇಲಿಂದ ಓದುತ್ತಾ, ಎಡ ಅಂಚಿಗೆ ತಾಗಿಕೊಂಡಿರುವ ಸಾಲುಗಳನ್ನು ಮಾತ್ರ ನೋಡಿ. ಪ್ರತಿ ಸಾಲಿಗೂ ಒಂದೇ ಪ್ರಶ್ನೆ ಕೇಳಿ: 'ಇದು ಐದು ಸಲ ನಡೆದರೆ ಏನಾಗುತ್ತದೆ?' ಇಂಪೋರ್ಟ್ ಆದರೆ ಪರವಾಗಿಲ್ಲ. 'ಡೆಫ್' ಆದರೆ ಪರವಾಗಿಲ್ಲ. ಫೈಲ್ ಓಪನ್, 'ಇನ್‌ಪುಟ್' ಕೇಳುವುದು, ಡೇಟಾಬೇಸ್ ಕನೆಕ್ಷನ್, ಟಿಕಿಂಟರ್ ಕಿಟಕಿ ತೆರೆಯುವುದು, ಹಳೇ ಫೋಲ್ಡರ್ ಅಳಿಸುವುದು, ಮೇಲ್ ಅಥವಾ ಮೆಸೇಜ್ ಕಳಿಸುವುದು: ಇವೆಲ್ಲ 'ಮೇನ್' ಫಂಕ್ಷನ್ನಿನ ಒಳಗೆ ಹೋಗಲಿ.

ದೊಡ್ಡ ಸಿಎಸ್‌ವಿಯನ್ನು ಮೇಲ್ಭಾಗದಲ್ಲೇ ಓದಿಕೊಂಡಿದ್ದರೆ ಏನೂ ಕೆಡುವುದಿಲ್ಲ, ಆದರೆ ಪ್ರತಿ ವರ್ಕರ್ ಅದನ್ನು ಮತ್ತೆ ಓದುತ್ತದೆ, ಮೆಮೊರಿಯೂ ಅಷ್ಟು ಪಟ್ಟು ಹೋಗುತ್ತದೆ. ಪಾಂಡಾಸ್‌ನಂಥ ಭಾರದ ಇಂಪೋರ್ಟ್ ಪೇರೆಂಟಿಗೆ ಮಾತ್ರ ಬೇಕಿದ್ದರೆ ಅದನ್ನೂ 'ಮೇನ್' ಒಳಗೆ ಇಡಿ. 'ಸ್ಪಾನ್ ನಿಧಾನ' ಅನ್ನುವ ದೂರಿಗೆ ಎಷ್ಟೋ ಸಲ ಇದೇ ಕಾರಣ.

## ಹಂತ 6: ಗ್ಲೋಬಲ್ ಬೆಲೆಗಳನ್ನು ನಂಬಬೇಡಿ

ಎಲ್ಲ ತಪ್ಪುಗಳಲ್ಲಿ ನನಗೆ ಅತಿ ಹೆಚ್ಚು ಭಯ ಇರುವುದು ಇದರ ಬಗ್ಗೆ. ಇದು ಎರರ್ ಕೊಡುವುದಿಲ್ಲ, ನಿಲ್ಲುವುದಿಲ್ಲ, ತಪ್ಪು ಉತ್ತರ ಕೊಟ್ಟು ಸುಮ್ಮನಾಗುತ್ತದೆ.

ಲೆಕ್ಕಕ್ಕೆ ಅಂತ, ಮೇಲ್ಭಾಗದಲ್ಲಿ 'ದರ = 3000' ಅಂತ ಬರೆದಿದ್ದೀರಿ. ಗಾರ್ಡಿನ ಒಳಗೆ ಬಳಸುವವರಿಂದ ಹೊಸ ದರ ಕೇಳಿ 'ದರ = 3300' ಮಾಡಿದ್ದೀರಿ. ಚೈಲ್ಡ್ ಯಾವ ದರ ಬಳಸುತ್ತದೆ? 3000. ಯಾಕೆಂದರೆ ಅದು ಓದಿದ್ದು ಮೇಲಿನ ಸಾಲು, ಗಾರ್ಡಿನ ಒಳಗಿನದಲ್ಲ. 18.5 ಟನ್ ಟ್ರ್ಯಾಕ್ಟರಿಗೆ 61,050 ರೂಪಾಯಿ ಬರಬೇಕಾದ ಕಡೆ 55,500 ಬರುತ್ತದೆ. ಲ್ಯಾಬ್‌ನ ಫೋರ್ಕ್‌ನಲ್ಲಿ ಇದೇ ಕೋಡ್ ಸರಿಯಾದ ಉತ್ತರ ಕೊಟ್ಟಿರುತ್ತದೆ, ಹಾಗಾಗಿ ಯಾರಿಗೂ ಅನುಮಾನವೇ ಬರುವುದಿಲ್ಲ.

ಪರಿಹಾರ ಎರಡಿವೆ. ಚಿಕ್ಕ ಬೆಲೆಯಾದರೆ ಫಂಕ್ಷನ್ನಿಗೆ ಆರ್ಗ್ಯುಮೆಂಟ್ ಆಗಿ ಕೊಡಿ. 'ಸ್ಟಾರ್‌ಮ್ಯಾಪ್' ಬಳಸಿ ಫೈಲ್ ಮತ್ತು ದರ ಜೋಡಿಯಾಗಿ ಕಳಿಸಬಹುದು. ಎಲ್ಲ ಕೆಲಸಕ್ಕೂ ಒಂದೇ ಬೆಲೆ ಬೇಕಿದ್ದರೆ ಪೂಲ್‌ನ 'ಇನಿಶಿಯಲೈಜರ್' ಬಳಸಿ:

```
ದರ = ನನ್

ಡೆಫ್ ತಯಾರಿ(ಡಿ):
    ಗ್ಲೋಬಲ್ ದರ
    ದರ = ಡಿ

# ಮೇನ್ ಒಳಗೆ:
ವಿತ್ ಪೂಲ್(4, ಇನಿಶಿಯಲೈಜರ್=ತಯಾರಿ, ಇನಿಟ್‌ಆರ್ಗ್ಸ್=(3300,)) ಆ್ಯಸ್ ಪಿ:
```

ಪ್ರತಿ ವರ್ಕರ್ ಹುಟ್ಟಿದ ಕೂಡಲೇ 'ತಯಾರಿ' ಒಂದು ಸಲ ಓಡುತ್ತದೆ. '(3300,)' ಒಳಗಿನ ಅಲ್ಪವಿರಾಮ ಬಿಡಬೇಡಿ. ಅದಿಲ್ಲದಿದ್ದರೆ ಅದು ಬರೀ ಸಂಖ್ಯೆ, ಟ್ಯೂಪಲ್ ಅಲ್ಲ. ವರ್ಕರ್‌ಗಳು ಒಂದಾದ ಮೇಲೊಂದು ಬೀಳುತ್ತಾ ಹೋಗುತ್ತವೆ, ಪೂಲ್ ಹೊಸದನ್ನು ಹುಟ್ಟಿಸುತ್ತಾ ಹೋಗುತ್ತದೆ. ಮೇಲೆ 'ದರ = ನನ್' (ಏನೂ ಇಲ್ಲ ಅನ್ನುವ ಪೈಥಾನ್ ಬೆಲೆ) ಇಟ್ಟಿದ್ದೂ ಬೇಕೆಂದೇ. ತಯಾರಿ ಓಡದಿದ್ದರೆ ಗುಣಾಕಾರದಲ್ಲೇ ಎರರ್ ಬರಲಿ, ತಪ್ಪು ಮೊತ್ತ ಬರುವುದು ಬೇಡ.

ಹಿಮ್ಮುಖವೂ ಅಷ್ಟೇ. ಚೈಲ್ಡ್ ಒಳಗೆ ಗ್ಲೋಬಲ್ ಪಟ್ಟಿಗೆ 'ಅಪೆಂಡ್' ಮಾಡಿದರೆ ಪೇರೆಂಟಿನ ಪಟ್ಟಿ ಖಾಲಿಯೇ ಇರುತ್ತದೆ. ಉತ್ತರವನ್ನು 'ರಿಟರ್ನ್' ಮಾಡಿ.

## ಹಂತ 7: ಸಾಗಿಸಲು ಬರುವ ಫಂಕ್ಷನ್ ಮಾತ್ರ ಕಳಿಸಿ

ಪೂಲ್‌ಗೆ ಕೊಡುವ ಫಂಕ್ಷನ್ ಎಡ ಅಂಚಿನಿಂದ ಶುರುವಾಗುವ 'ಡೆಫ್' ಆಗಿರಬೇಕು. ಲ್ಯಾಂಬ್ಡಾ ನಡೆಯುವುದಿಲ್ಲ. ಇನ್ನೊಂದು ಫಂಕ್ಷನ್ನಿನ ಹೊಟ್ಟೆಯೊಳಗೆ ಬರೆದ ಫಂಕ್ಷನ್ ನಡೆಯುವುದಿಲ್ಲ. ಹೆಸರು ಹಿಡಿದು ಹುಡುಕುವುದು ಅಂದೆನಲ್ಲ, ಇವುಗಳಿಗೆ ಹೊರಗಿನಿಂದ ಸಿಗುವ ಹೆಸರೇ ಇಲ್ಲ. ಒಂದು ಬೆಲೆ ಕಟ್ಟಿ ಕಳಿಸಬೇಕಿದ್ದರೆ 'ಫಂಕ್‌ಟೂಲ್ಸ್.ಪಾರ್ಶಿಯಲ್' ಬಳಸಿ, ಅದು ಸಾಗುತ್ತದೆ.

ಓಪನ್ ಮಾಡಿದ ಫೈಲ್, ಡೇಟಾಬೇಸ್ ಕನೆಕ್ಷನ್ ಇವನ್ನೂ ಆರ್ಗ್ಯುಮೆಂಟ್ ಆಗಿ ಕಳಿಸಲು ಆಗುವುದಿಲ್ಲ. ಫೈಲಿನ ಹೆಸರು ಕಳಿಸಿ, ಚೈಲ್ಡ್ ಒಳಗೆ ಓಪನ್ ಮಾಡಿ.

ಜುಪಿಟರ್ ಬಳಸುವವರಿಗೆ ಒಂದು ಮಾತು. ನೋಟ್‌ಬುಕ್ಕಿನ ಸೆಲ್‌ನಲ್ಲಿ ಬರೆದ ಫಂಕ್ಷನ್ನಿಗೆ ಫೈಲೇ ಇಲ್ಲ. ಚೈಲ್ಡ್ ಏನನ್ನು ಓದಬೇಕು? ವಿಂಡೋಸ್‌ನಲ್ಲಿ ಸೆಲ್ ಪಕ್ಕ ನಕ್ಷತ್ರ ನಿಂತೇ ಇರುತ್ತದೆ, ಉತ್ತರ ಬರುವುದಿಲ್ಲ. ಎರರ್ ಹಿಂದಿನ ಕಪ್ಪು ಕಿಟಕಿಯಲ್ಲಿ ಸುರಿಯುತ್ತಿರುತ್ತದೆ, ನೋಟ್‌ಬುಕ್ಕಿನಲ್ಲಿ ಕಾಣುವುದಿಲ್ಲ. ಫಂಕ್ಷನ್ನನ್ನು ಪಕ್ಕದಲ್ಲೇ ಒಂದು ಪೈ ಫೈಲಿನಲ್ಲಿ ಬರೆದು ಇಂಪೋರ್ಟ್ ಮಾಡಿಕೊಳ್ಳಿ. ಕಾಯುತ್ತಾ ಕೂರುವುದು ತಪ್ಪುತ್ತದೆ.

## ಹಂತ 8: ಇಎಕ್ಸ್‌ಇ ಅಥವಾ ಪ್ಯಾಕೇಜ್ ಮಾಡುವವರಿಗೆ ಮಾತ್ರ

ಪೈಇನ್‌ಸ್ಟಾಲರ್‌ನಿಂದ ಇಎಕ್ಸ್‌ಇ ಮಾಡುತ್ತಿದ್ದರೆ ಗಾರ್ಡಿನ ಒಳಗೆ ಮೊಟ್ಟಮೊದಲ ಸಾಲಾಗಿ 'ಮಲ್ಟಿಪ್ರೊಸೆಸಿಂಗ್.ಫ್ರೀಜ್_ಸಪೋರ್ಟ್()' ಬರಬೇಕು. ಇದಿಲ್ಲದಿದ್ದರೆ ಪ್ರತಿ ಚೈಲ್ಡ್ ನಿಮ್ಮ ಇಡೀ ಪ್ರೋಗ್ರಾಮನ್ನೇ ಮತ್ತೆ ಶುರು ಮಾಡುತ್ತದೆ, ಕಿಟಕಿಯ ಮೇಲೆ ಕಿಟಕಿ ತೆರೆಯುತ್ತದೆ. ಕೆಲಸ ಶುರುವಾದ ಮೇಲೆ ಎಲ್ಲೋ ನಡುವೆ ಬರೆದರೆ ಪ್ರಯೋಜನವಿಲ್ಲ.

'ಪೈಥಾನ್ -ಎಂ ಪ್ಯಾಕೇಜ್' ಅಂತ ಓಡಿಸುವವರು '__ಮೇನ್__' ಹೆಸರಿನ ಪೈ ಫೈಲಿನಲ್ಲಿ ವರ್ಕರ್ ಫಂಕ್ಷನ್ ಬರೆಯಬೇಡಿ. ಆ ಹೆಸರಿನ ಫೈಲನ್ನು ಚೈಲ್ಡ್ ಬೇಕೆಂದೇ ಓಡಿಸುವುದಿಲ್ಲ. ಅಂಥ ಫೈಲುಗಳಲ್ಲಿ ಸಾಮಾನ್ಯವಾಗಿ ಗಾರ್ಡ್ ಇರುವುದಿಲ್ಲ, ಅದಕ್ಕೆ. ಫಂಕ್ಷನ್ ಬೇರೆ ಮಾಡ್ಯೂಲಿನಲ್ಲಿ ಇರಲಿ.

'ಸೆಟ್_ಸ್ಟಾರ್ಟ್_ಮೆಥಡ್' ಬೇಕಿದ್ದರೆ ಅದೂ ಗಾರ್ಡಿನ ಒಳಗೆ, ಒಂದೇ ಸಲ. ಬೇರೆಯವರು ಬಳಸುವ ಲೈಬ್ರರಿ ಬರೆಯುತ್ತಿದ್ದರೆ ಅದನ್ನು ಮುಟ್ಟದೆ 'ಗೆಟ್_ಕಾಂಟೆಕ್ಸ್ಟ್("ಸ್ಪಾನ್")' ಬಳಸಿ.

## ಎಚ್ಚರಿಕೆಯ ಸೂಚನೆಗಳು: ಏನು ಕಂಡರೆ ಎಲ್ಲಿಗೆ ಹೋಗಬೇಕು

- 'ಬೂಟ್‌ಸ್ಟ್ರ್ಯಾಪಿಂಗ್ ಫೇಸ್' ಅಂತ ಎರರ್: ಪ್ರೋಸೆಸ್ ಹುಟ್ಟಿಸುವ ಸಾಲು ಗಾರ್ಡಿನ ಹೊರಗಿದೆ. ಹಂತ 4.
- 'ಕಾಂಟ್ ಗೆಟ್ ಆಟ್ರಿಬ್ಯೂಟ್': ಫಂಕ್ಷನ್ ಗಾರ್ಡಿನ ಒಳಗಿದೆ, ಇಲ್ಲವೇ ಜುಪಿಟರ್ ಸೆಲ್‌ನಲ್ಲಿದೆ. ಹಂತ 4 ಮತ್ತು 7.
- 'ಕಾಂಟ್ ಪಿಕಲ್': ಲ್ಯಾಂಬ್ಡಾ ಅಥವಾ ಒಳಗಿನ ಫಂಕ್ಷನ್ ಕಳಿಸಿದ್ದೀರಿ. ಹಂತ 7.
- ಒಂದೇ ಪ್ರಿಂಟ್ ಅಥವಾ ಒಂದೇ ಪ್ರಶ್ನೆ ನಾಲ್ಕೈದು ಸಲ ಬರುವುದು: ಎರರ್ ಇಲ್ಲದಿದ್ದರೂ ನಿಲ್ಲಿಸಿ. ಹಂತ 5.
- ಲ್ಯಾಬ್‌ನ ಉತ್ತರವೇ ಬೇರೆ, ಮನೆಯ ಉತ್ತರವೇ ಬೇರೆ: ಹಂತ 6. ಎರಡರಲ್ಲಿ ಯಾವುದು ಸರಿ ಅಂತ ಊಹೆ ಮಾಡಬೇಡಿ, ಕೆಳಗಿನಂತೆ ಪರೀಕ್ಷಿಸಿ.

## ಹಂತ 9: ಪರೀಕ್ಷೆ ಮಾಡುವ ಕ್ರಮ

ಒಮ್ಮೆಲೇ 120 ಫೈಲ್ ಹಾಕಬೇಡಿ. ಎರಡು ಫೈಲ್ ತೆಗೆದುಕೊಂಡು, ಪೂಲ್ ಇಲ್ಲದೆ ಸಾದಾ 'ಫಾರ್' ಲೂಪ್‌ನಲ್ಲಿ ಓಡಿಸಿ ಉತ್ತರ ಬರೆದಿಟ್ಟುಕೊಳ್ಳಿ. ಆಮೇಲೆ 'ಪೂಲ್(1)'. ಅದೇ ಉತ್ತರ ಬಂತೇ? ಆಮೇಲೆ 'ಪೂಲ್(4)'. ಉತ್ತರ ಮೂರು ಸಲವೂ ಒಂದೇ ಇರಬೇಕು. ಪೂಲ್(1)ನಲ್ಲೇ ವ್ಯತ್ಯಾಸ ಬಂದರೆ ತಪ್ಪು ಗ್ಲೋಬಲ್ ಬೆಲೆಯಲ್ಲಿದೆ. ಪೂಲ್(1) ಸರಿ ಇದ್ದು ಪೂಲ್(4) ತಪ್ಪಿದರೆ, ವರ್ಕರ್‌ಗಳೆಲ್ಲ ಒಂದೇ ಫೈಲಿಗೆ ಬರೆಯುತ್ತಿವೆಯೇ ನೋಡಿ. ಅಂಥ ಬರವಣಿಗೆಯನ್ನು ಪೇರೆಂಟಿಗೆ ಬಿಡಿ.

ಹಂತ 3ರ ಪ್ರಿಂಟ್ ಸಾಲನ್ನು ಈ ಪರೀಕ್ಷೆ ಮುಗಿಯುವ ತನಕ ತೆಗೆಯಬೇಡಿ. ಪೂಲ್(4)ಕ್ಕೆ '__ಮೇನ್__' ಒಂದು, '__ಎಂಪಿ_ಮೇನ್__' ನಾಲ್ಕು ಬರಬೇಕು. ಐದನೆಯದು ಬಂದರೆ ಒಂದು ವರ್ಕರ್ ಬಿದ್ದು ಅದರ ಜಾಗಕ್ಕೆ ಹೊಸದು ಬಂದಿದೆ ಅಂತ ಅರ್ಥ. ಪರದೆಯನ್ನು ಮೇಲಕ್ಕೆ ಸರಿಸಿ ಅದರ ಎರರ್ ಹುಡುಕಿ.

ಲ್ಯಾಬ್‌ನ ಉಬುಂಟುವಿನಲ್ಲೇ ಕೂತು ಮನೆಯ ವಿಂಡೋಸ್‌ಗೂ ಓಡುವಂತೆ ಬರೆಯಬೇಕಿದ್ದರೆ, ಗಾರ್ಡಿನ ಒಳಗೆ ಮೊದಲ ಸಾಲಾಗಿ 'ಸೆಟ್_ಸ್ಟಾರ್ಟ್_ಮೆಥಡ್("ಸ್ಪಾನ್")' ಹಾಕಿಕೊಂಡು ಅಭ್ಯಾಸ ಮಾಡಿ. ಮೇನ್ ಫೈಲಿನ ತಪ್ಪುಗಳು ಲ್ಯಾಬ್‌ನಲ್ಲೇ, ಕೇಳಲು ಪಕ್ಕದಲ್ಲಿ ಯಾರಾದರೂ ಇರುವಾಗಲೇ ಕಾಣುತ್ತವೆ.